ವಾದಿ ಅಣ್ಣನಿಗೂ ಪ್ರತಿವಾದಿ ತಮ್ಮನಿಗೂ

ಲಿಂಗಸುಗೂರು ಸೀಮೆಯ ಊರೂರಲ್ಲೂ ನೆಲೆಸಿರುವ, ಬದುವಿನ ವ್ಯಾಜ್ಯದ ಉಭಯ ಪಕ್ಷಗಾರರಾದ ಅಣ್ಣ-ತಮ್ಮಂದಿರಿಗೆ ಶರಣು ಶರಣಾರ್ಥಿ.

ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆದಿದ್ದೇನೆ, ಸಿಟ್ಟಾಗಬೇಡಿ. ತಾರೀಖಿನ ದಿನ ಒಂದೇ ಬಸ್ಸು ಹತ್ತಿ, ಅಣ್ಣ ಮುಂದಿನ ಬಾಗಿಲ ಹತ್ತಿರ, ತಮ್ಮ ಹಿಂದಿನ ಸೀಟಿನಲ್ಲಿ ಕೂತು ಬರುವವರು ನೀವು. ಇಬ್ಬರ ಬಗಲಲ್ಲೂ ಒಂದೊಂದು ಗೊಬ್ಬರದ ಚೀಲ. ಎರಡರೊಳಗೂ ಅದೇ ಪಹಣಿ, ಅದೇ ಟಿಪ್ಪಣಿ ನಕ್ಷೆ, ಅದೇ ಅಪ್ಪನ ಮರಣ ಪ್ರಮಾಣಪತ್ರ. ಝೆರಾಕ್ಸ್ ಅಂಗಡಿಯವನಿಗೆ ಮಾತ್ರ ಗಿರಾಕಿ ಇಬ್ಬರು.

ನಿಮ್ಮಿಂದ ಈ ಪೇಟೆಗೆ ಆಗಿರುವ ಉಪಕಾರ ಸಣ್ಣದಲ್ಲ. ಮಳೆ ಕೈಕೊಟ್ಟು ತೊಗರಿ ಒಣಗಿದ ವರ್ಷವೂ ನಿಮ್ಮ ತಾರೀಖು ಒಣಗಲಿಲ್ಲ. ಒಗ್ಗರಣಿ-ಮಿರ್ಚಿ ಅಂಗಡಿ, ಬಾಂಡ್ ಪೇಪರಿನವರು, ಟೈಪಿನವರು, ವಕೀಲರ ಗುಮಾಸ್ತರು, ಎಲ್ಲರ ಮನೆಯ ಒಲೆ ಉರಿಯುವುದರಲ್ಲಿ ನಿಮ್ಮ ಆ ಒಂದೂವರೆ ಮೊಳ ಅಗಲದ ಬದುವಿನ ಪಾಲಿದೆ. ಬದುವಿನ ಮೇಲೆ ಬೆಳೆದದ್ದು ಒಂದು ಜಾಲಿ ಗಿಡ. ಅದರ ನೆರಳಿಗೆ ಈಗ ಕುರಿಯೂ ಬರುವುದಿಲ್ಲ. ಸಾಕ್ಷಿ ಹೇಳಬೇಕಾದೀತು ಎಂದು ಕುರಿಗಾರನಿಗೆ ಭಯ.

ನಿಮ್ಮ ಪ್ರಯಾಣಕ್ಕೆ ಕಾಲವೂ ಸಹಕರಿಸಿದೆ. ನಿಜಾಮರ ಆಳ್ವಿಕೆಯಲ್ಲಿ ಲಿಂಗಸುಗೂರೇ ಜಿಲ್ಲಾ ಕೇಂದ್ರವಾಗಿತ್ತು. 1905ರಲ್ಲಿ ಜಿಲ್ಲೆಯನ್ನು ರದ್ದು ಮಾಡಿ ರಾಯಚೂರಿಗೆ ಸೇರಿಸಿದ್ದರಿಂದ ಬಸ್ಸಿನಲ್ಲಿ ಕೂರುವ ಭಾಗ್ಯ ಹೆಚ್ಚಾಯಿತು. ಹೈಕೋರ್ಟಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಷ್ಟ: 2008ರಲ್ಲಿ ಕಲಬುರಗಿಯಲ್ಲೇ ಪೀಠ ಶುರುವಾಗಿ, ಬೆಂಗಳೂರು ನೋಡುವ ಯೋಗ ತಪ್ಪಿತು.

ಈಗ ಎಚ್ಚರಿಕೆಯ ಮಾತು. ಕೋರ್ಟಿನ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಅಂತ ಒಂದಿದೆ. ಅದರ ಬೋರ್ಡು ಕಂಡರೆ ಮುಖ ತಿರುಗಿಸಿ ಹೋಗಿ. ಕೇಸು ಹಾಕುವ ಮೊದಲೇ ಅರ್ಜಿ ಕೊಡಬಹುದಂತೆ, ಫೀಸು ಇಲ್ಲವಂತೆ. ಎದುರಿನವರನ್ನು ಕರೆಸಿ, ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರಂತೆ, ಅದಕ್ಕೆ ಮಧ್ಯಸ್ಥಿಕೆ ಎನ್ನುತ್ತಾರಂತೆ. ಪುಕ್ಕಟೆ ಸಿಕ್ಕ ನ್ಯಾಯಕ್ಕೆ ಊರಲ್ಲಿ ಏನು ಮರ್ಯಾದೆ ಹೇಳಿ! ಎರಡು ಎಕರೆ ಮಾರಿ ಅರ್ಧ ಗುಂಟೆ ಗೆದ್ದವನ ಗತ್ತೇ ಬೇರೆ.

ಇದು ನಮ್ಮ ಕಟ್ಟೆ ಪಂಚಾಯ್ತಿಯ ಹಾಗಿದ್ದಿದ್ದರೆ ನಾನೇ ಹೋಗಿ ಎನ್ನುತ್ತಿದ್ದೆ. ಅಲ್ಲಿ ಗದರಿಸುವ ಗೌಡರು ಇರುತ್ತಾರೆ, ದಂಡ ಇರುತ್ತದೆ, ಕೇಳದಿದ್ದರೆ ಬಹಿಷ್ಕಾರವೂ ಇರುತ್ತದೆ. ಬಡವ ಯಾವತ್ತೂ ಸೋಲುತ್ತಾನೆ, ಹೆಂಗಸರು ಕಟ್ಟೆಯ ಹತ್ತಿರವೂ ಸುಳಿಯುವಂತಿಲ್ಲ. ಮಧ್ಯಸ್ಥಿಕೆಯಲ್ಲಿ ಅಂಥ ಮಜಾ ಏನೂ ಇಲ್ಲ. ಮಧ್ಯಸ್ಥಗಾರರು ತೀರ್ಪೇ ಕೊಡುವುದಿಲ್ಲ. ಅಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ. ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದು. ಗೆದ್ದವನಿಲ್ಲ, ಸೋತವನಿಲ್ಲ ಅಂದರೆ ಪೇಢಾ ಹಂಚುವವರು ಯಾರು?

2023ರಲ್ಲಿ ಸಂಸತ್ತು ಮಧ್ಯಸ್ಥಿಕೆ ಕಾಯ್ದೆಯನ್ನೇ ಮಾಡಿತು. ಅದರಲ್ಲಿ ಸಮುದಾಯ ಮಧ್ಯಸ್ಥಿಕೆಗೆ ಪ್ರತ್ಯೇಕ ಅಧ್ಯಾಯವಿದೆ: ಓಣಿಯ, ಮನೆತನಗಳ ಶಾಂತಿ ಕೆಡಿಸುವ ಜಗಳಕ್ಕೆ, ಇಬ್ಬರೂ ಒಪ್ಪಿದರೆ, ಮೂವರು ಮಧ್ಯಸ್ಥಗಾರರ ಸಮಿತಿ. ನಿಮ್ಮ ಪುಣ್ಯಕ್ಕೆ, ಅದೇ ವರ್ಷ ಅಕ್ಟೋಬರ್ 9ರಂದು ಕಾಯ್ದೆಯ ಕೆಲವು ಕಲಂಗಳನ್ನು ಜಾರಿಗೆ ತಂದಾಗ ಈ ಅಧ್ಯಾಯ ಆ ಪಟ್ಟಿಯಲ್ಲಿರಲಿಲ್ಲ. ಇನ್ನೂ ಒಂದು ಸಮಾಧಾನ: ಆ ಅಧ್ಯಾಯದಡಿ ಆಗುವ ರಾಜಿಗೆ ಡಿಕ್ರಿಯ ಬಲವಿಲ್ಲ ಎಂದು ಕಾಯ್ದೆಯೇ ಬರೆದುಕೊಂಡಿದೆ. ಬೆಳಿಗ್ಗೆ ಸಹಿ ಮಾಡಿ ಸಂಜೆ ಬಾಂದುಕಲ್ಲು ಕೀಳಬಹುದು.

ಲೋಕ ಅದಾಲತ್ತಿನಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ. ಅಲ್ಲಿ ಆದ ರಾಜಿ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ. ಅಷ್ಟು ಸಾಲದ್ದಕ್ಕೆ, ಕಟ್ಟಿದ ಕೋರ್ಟ್ ಶುಲ್ಕ ವಾಪಸ್ಸು ಬರುತ್ತದೆ. ಅಪೀಲು ಇಲ್ಲದ ಬದುಕು ನಿಮಗೆ ಒಗ್ಗೀತೇ? ಶ್ರೀಲಂಕಾದವರ ಪಾಡಂತೂ ಇನ್ನೂ ಕಷ್ಟ. 1988ರಲ್ಲಿ ಅವರು ಮಾಡಿದ ಕಾಯ್ದೆಯಿಂದ, ಸಣ್ಣ ಮೊತ್ತದ ವ್ಯಾಜ್ಯ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಊರಿನ ಮಧ್ಯಸ್ಥಿಕೆ ಮಂಡಳಿಯ ಮುಂದೆ ಹೋಗಲೇಬೇಕು. ಊರ ಮಂಡಳಿಯ ಅಂಥ ಬಲವಂತ ನಮ್ಮಲ್ಲಿಲ್ಲ, ಸದ್ಯ.

ಮಾತಾಡಿ ಮುಗಿಸಿ ಎಂದು ಎಲ್ಲರಿಗೂ ಉಪದೇಶಿಸುವ ಜಾತಿಯವನಲ್ಲ ನಾನು. ಹೆಂಡತಿಗೆ ಹೊಡೆಯುವವನ ಜೊತೆ ಅವಳನ್ನು ಕೂರಿಸಿ ಹೊಂದಿಕೊಳ್ಳಮ್ಮಾ ಎನ್ನುವುದು ಮಧ್ಯಸ್ಥಿಕೆಯಲ್ಲ, ಅನ್ಯಾಯ. ನಿಮ್ಮದು ಅಂಥ ಸಂಗತಿಯೇ ಅಲ್ಲ. ನಿಮ್ಮದು ಬರೀ ಬದು. ಸರ್ವೆಯವರು ಅಳತೆಗೆ ಬಂದ ದಿನ ಅಣ್ಣ ಹಿಡಿದ ತುದಿ ಒಂದು ಗೇಣು ಆಚೆ, ತಮ್ಮ ಹಿಡಿದ ತುದಿ ಒಂದು ಗೇಣು ಈಚೆ. ನಡುವೆ ಅವ್ವ ನಿಂತು ‘ನಾ ಸತ್ತರ ಎಲ್ಲಿ ಹುಗೀತೀರೋ’ ಎಂದಳು. ಅದಕ್ಕೂ ಇಬ್ಬರದೂ ಬೇರೆ ಬೇರೆ ಉತ್ತರ.

ಕೊನೆಗೊಂದು ಗುಟ್ಟು. ಅಪ್ಪ ತೀರಿದ ಮೇಲೆ ನೀವಿಬ್ಬರು ಬಾಯಿಮಾತಿನಲ್ಲಿ ಮಾಡಿಕೊಂಡ ವಾಟ್ನಿಯಲ್ಲಿ ಸಿಂಧನೂರಿಗೆ ಕೊಟ್ಟ ತಂಗಿಯ ಹೆಸರಿಲ್ಲ. ಪಂಚಮಿಗೆ ಒಂದು ಸೀರೆ ಉಡಿಸಿ ಲೆಕ್ಕ ಚುಕ್ತಾ ಮಾಡಿದ್ದೀರಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಅವಳಿಗೂ ಮಗನಷ್ಟೇ ಪಾಲು ಕೊಟ್ಟಿದೆ. ಕಾನೂನು ಸೇವಾ ಸಮಿತಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೆಂದು ಕೇಳದೆ ವಕೀಲರನ್ನೂ ಪುಕ್ಕಟೆ ಕೊಡುತ್ತದೆ. 15100ಕ್ಕೆ ಫೋನು ಮಾಡಿದರೂ ಸಾಕು, ದುಡ್ಡು ಬೀಳುವುದಿಲ್ಲ. ನಂಬರು ಅವಳ ಮೊಬೈಲಿಗೆ ಯಾರೋ ಕಳಿಸಿದ್ದಾರೆಂದು ಸುದ್ದಿ.

ಅವಳು ದಾವೆ ಹಾಕಿದ ದಿನ ನೀವು ಒಂದನೇ ಪ್ರತಿವಾದಿ, ಎರಡನೇ ಪ್ರತಿವಾದಿ. ಒಂದೇ ಸೀಟಿನಲ್ಲಿ ಕೂತು ಬಂದರೆ ಮಾತಾಡಿಕೊಳ್ಳಲು ಅನುಕೂಲ.

ಇಂತಿ,
ತಾರೀಖಿನ ದಿನ ನಿಮ್ಮ ಹಿಂದಿನ ಸೀಟಿನಲ್ಲಿ ಕೂರುವವನು