ಪ್ರಾಕ್ಸಿ ಲಾಗಿನ್ ಪೆಟ್ಟಿಗೆಯ ಪುನರುದ್ಭವ ಮೀಮಾಂಸೆ

ಕಚೇರಿಯ ಕಂಪ್ಯೂಟರುಗಳಿಗೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ಕುಳಿತು, ಒಳಗಿನವರ ಪ್ರತಿಯೊಂದು ಕೋರಿಕೆಯನ್ನೂ ತಾನೇ ಪಡೆದು, ಪರಿಶೀಲಿಸಿ, ಒಪ್ಪಿಗೆಯಾದರೆ ಹೊರಗೆ ಒಯ್ಯುವ ಸರ್ವರಿಗೆ ಪ್ರಾಕ್ಸಿ ಎಂದು ಹೆಸರು. ಅದು ಕೋರಿದವನ ಗುರುತು ಕೇಳಿದಾಗ ಪರದೆಯ ನಟ್ಟನಡುವೆ ಮೂಡುವ, ಯೂಸರ್‌ನೇಮ್ ಮತ್ತು ಪಾಸ್‌ವರ್ಡ್‌ಗಳಿಗೆ ಎರಡು ಖಾಲಿ ಜಾಗಗಳುಳ್ಳ ಪುಟ್ಟ ಪೆಟ್ಟಿಗೆಯೇ ಪ್ರಸ್ತುತ ಪ್ರಬಂಧದ ವಸ್ತು. ಅದು ಒಮ್ಮೆ ಮೂಡಿ ಮರೆಯಾದರೆ ಚರ್ಚೆಗೆ ಆಸ್ಪದವಿಲ್ಲ. ಸರಿಯಾದ ಪಾಸ್‌ವರ್ಡ್ ಕೊಟ್ಟ ಮೇಲೂ ಮತ್ತೆ ಮತ್ತೆ ಮೂಡಿದಾಗ ಮಾತ್ರ ಅದು ಶಾಸ್ತ್ರವಿಚಾರಕ್ಕೆ ಅರ್ಹವಾಗುತ್ತದೆ.

ಇದರ ಪರಿಹಾರದ ವಿಷಯದಲ್ಲಿ ಎರಡು ಸಂಪ್ರದಾಯಗಳು ಪ್ರಸಿದ್ಧವಾಗಿವೆ. ಮೊದಲನೆಯವರು ತಾಡನವಾದಿಗಳು, ಅದೇ ಪಾಸ್‌ವರ್ಡನ್ನು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಕುಟ್ಟಿ, ಕೊನೆಗೆ ಎಂಟರ್ ಕೀಲಿಯನ್ನು ಸಿಟ್ಟಿನಿಂದ ಹೊಡೆದರೆ ಅದರ ಸತ್ಯಾಂಶ ಹೆಚ್ಚುತ್ತದೆಂಬುದು ಇವರ ಮತವಾಗಿದ್ದು, ಇದಕ್ಕೆ ಪ್ರತ್ಯಕ್ಷವಾಗಲಿ ಅನುಮಾನವಾಗಲಿ ಪ್ರಮಾಣವಾಗಿ ದೊರೆಯುವುದಿಲ್ಲ. ಎರಡನೆಯವರು ಪುನರಾರಂಭವಾದಿಗಳು. ಹೆಲ್ಪ್‌ಡೆಸ್ಕ್‌ಗಳಲ್ಲಿ ಪ್ರಬಲರಾದ ಇವರ, ಕಂಪ್ಯೂಟರನ್ನು ಆರಿಸಿ ಮತ್ತೆ ಶುರು ಮಾಡುವ ಉಪಾಯವು ಕೆಲವೊಮ್ಮೆ ಫಲಿಸುತ್ತದೆಯಾದರೂ, ಮತ್ತೆ ಲಾಗಿನ್ ಆದಾಗ ಹೊಸ ಗುರುತುಚೀಟಿ ದೊರೆಯುವುದೇ ಅದಕ್ಕೆ ಕಾರಣವೆಂಬುದನ್ನು ಇವರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ಸಿದ್ಧಾಂತವೇನೆಂದರೆ, ಪೆಟ್ಟಿಗೆಯ ಹಿಂದೆ 407 ಎಂಬ ಸಂಖ್ಯೆಯಿದೆ. 1997ರ ಎಚ್‌ಟಿಟಿಪಿ 1.1 ನಿಯಮಾವಳಿಯಲ್ಲಿಯೇ ಕಾಣಿಸಿಕೊಂಡ ಈ ಸಂಖ್ಯೆಯ ಅರ್ಥ, ಗುರುತು ಕೇಳುತ್ತಿರುವುದು ಪ್ರಾಕ್ಸಿಯೇ ಹೊರತು ಗುರಿಯಲ್ಲಿರುವ ವೆಬ್‌ಸೈಟ್ ಅಲ್ಲ ಎಂದು. ವೆಬ್‌ಸೈಟ್ ಕೇಳಿದರೆ ಅದು 401 ಆಗುತ್ತದೆ, ಮತ್ತು ಈ ಭೇದವನ್ನರಿಯದವನು ತಪ್ಪು ಬಾಗಿಲಿನಲ್ಲಿ ಜಗಳ ತೆಗೆಯುತ್ತಾನೆ. ಪ್ರಾಕ್ಸಿಯ ಲಾಗ್ ತೆರೆದ ನವಶಿಷ್ಯನು ಸಾಲಾಗಿ ಎರಡು 407ಗಳನ್ನು ಕಂಡು ದೋಷ ಸಿಕ್ಕಿತೆಂದು ಹಿಗ್ಗುವುದುಂಟು. ಆದರೆ ಎನ್‌ಟಿಎಲ್‌ಎಂ ಎಂಬ ಹಳೆಯ ಗುರುತು ಪದ್ಧತಿಯು ಎರಡು ಸಲ ಬೇಡವೆಂದ ಮೇಲೆಯೇ ಎಲೆಗೆ ಒಬ್ಬಟ್ಟು ಹಾಕಿಸಿಕೊಳ್ಳುವ ಬೀಗರ ಸ್ವಭಾವದ್ದಾದ್ದರಿಂದ, ಮೂರನೆಯ ಸಲವೂ ನಿರಾಕರಿಸಿದರೆ ಮಾತ್ರ ಚಿಂತಿಸತಕ್ಕದ್ದು.

ಕರ್ಬೆರೋಸ್ ಎಂಬ ಇನ್ನೊಂದು ಗುರುತು ಪದ್ಧತಿಯ ದೋಷಗಳು ಇನ್ನೂ ಸೂಕ್ಷ್ಮವಾದವು. ಇದರಲ್ಲಿ ಪಾಸ್‌ವರ್ಡ್ ಪ್ರಾಕ್ಸಿಯ ಬಳಿಗೆ ಹೋಗುವುದೇ ಇಲ್ಲ. ಡೊಮೇನ್ ಕಂಟ್ರೋಲರ್ ಎಂಬ ಇನ್ನೊಂದು ಸರ್ವರು ಕೊಡುವ ಟಿಕೆಟ್ ಹೋಗುತ್ತದೆ. ಈ ಟಿಕೆಟ್ಟಿಗೆ ಕಾಲದ ಕಟ್ಟಳೆಯಿದ್ದು, ಸಾಮಾನ್ಯ ಸೆಟ್ಟಿಂಗಿನಲ್ಲಿ ಎರಡು ಕಡೆಯ ಗಡಿಯಾರಗಳ ಅಂತರ 5 ನಿಮಿಷ ಮೀರಿದರೆ ಅದು ತಿರಸ್ಕೃತವಾಗುತ್ತದೆ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿರುವ ನಾಣ್ಯದಗಲದ ಬ್ಯಾಟರಿ ಸತ್ತು, ಪರದೆಯ ಬಲಮೂಲೆಯ ತಾರೀಕು ಹತ್ತಾರು ವರ್ಷ ಹಿಂದಕ್ಕೆ ಜಾರಿದ್ದರೂ, ನೌಕರನು ಅದರತ್ತ ಕಣ್ಣೆತ್ತಿ ನೋಡದೆ ಪಾಸ್‌ವರ್ಡ್ ಕುಟ್ಟುತ್ತಲೇ ಇರುತ್ತಾನೆ. ಸಂಜೆ ಮನೆಗೆ ಹೊರಡುವ ಸಮಯವನ್ನು ಆತ ಗೋಡೆಯ ಗಡಿಯಾರದಲ್ಲಿ ನೋಡುವುದರಿಂದ ಈ ದೋಷವು ದೀರ್ಘಾಯುವಾಗುತ್ತದೆ. ಇನ್ನು ಟಿಕೆಟ್ ಬರೆಯುವುದು ಹೆಸರಿಗೆ. ಬ್ರೌಸರಿನ ಸೆಟ್ಟಿಂಗಿನಲ್ಲಿ ಪ್ರಾಕ್ಸಿಯ ಪೂರ್ಣ ಹೆಸರಿನ ಬದಲು ಐಪಿ ವಿಳಾಸದ ಅಂಕಿಗಳನ್ನು ತುಂಬಿದ್ದರೆ ಸಾಮಾನ್ಯವಾಗಿ ಟಿಕೆಟ್ ಹುಟ್ಟುವುದಿಲ್ಲ, ಪೆಟ್ಟಿಗೆ ಹುಟ್ಟುತ್ತದೆ.

ಕೊನೆಯದಾಗಿ, ಪ್ರೇತ ಪಾಸ್‌ವರ್ಡಿನ ವಿಚಾರ. ನೌಕರನು ನಿಯಮದಂತೆ ಪಾಸ್‌ವರ್ಡ್ ಬದಲಿಸಿದರೂ ಹಳೆಯದು ವಿಂಡೋಸಿನ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲೋ, ಕಚೇರಿಯ ವೈಫೈ ಹಿಡಿದ ಮೊಬೈಲಿನಲ್ಲೋ ಉಳಿದುಕೊಂಡು, ಯಾರೂ ಕೇಳದಿದ್ದರೂ ತನ್ನನ್ನು ತಾನೇ ಒಪ್ಪಿಸಿಕೊಳ್ಳುತ್ತಿರುತ್ತದೆ. ತಪ್ಪು ಪ್ರಯತ್ನಗಳ ಮಿತಿ ದಾಟಿದೊಡನೆ ಖಾತೆ ಲಾಕ್ ಆಗುತ್ತದೆ. ಆ ಹೊತ್ತಿಗೆ ನೌಕರನು ಕ್ಯಾಂಟೀನಿನಲ್ಲಿ ಮೊಸರನ್ನ ತಿನ್ನುತ್ತಿದ್ದನೆಂಬುದಕ್ಕೆ ಸಾಕ್ಷಿಗಳಿದ್ದರೂ ಲಾಗ್ ಅವರನ್ನು ವಿಚಾರಿಸುವುದಿಲ್ಲ. ಲಾಕ್ ಬಿಡಿಸಲು ಆನ್‌ಲೈನ್ ಅರ್ಜಿಯೊಂದನ್ನು ತುಂಬತಕ್ಕದ್ದು. ಆ ಅರ್ಜಿಯ ಪುಟವು ಪ್ರಾಕ್ಸಿಯ ಆಚೆಗಿರುತ್ತದೆ.