ಹಿತ್ತಿಲ ಒರಳುಕಲ್ಲಿನ ಲಂಬಬಲ ಮೀಮಾಂಸೆ

ಮಿಕ್ಸಿ ಬಂದ ಮೇಲೆ ಅಡುಗೆಮನೆಯಿಂದ ಹಿತ್ತಿಲ ಜಗಲಿಗೆ ವರ್ಗವಾದ ನಮ್ಮ ಒರಳುಕಲ್ಲು ಅಂದಿನಿಂದ ಕದಲಿಲ್ಲ. ಏಕೆ ಕದಲಿಲ್ಲ ಎಂಬುದೇ ಪ್ರಸ್ತುತ ಪ್ರಬಂಧದ ವಿಷಯ. ‘ಯಾರೂ ಎತ್ತಲಿಲ್ಲ, ಅದಕ್ಕೆ’ ಎಂಬ ಅತ್ತೆಯವರ ಮತವನ್ನು ಶಾಸ್ತ್ರಬಾಹಿರವೆಂದು ಆರಂಭದಲ್ಲೇ ಬದಿಗಿಡಲಾಗಿದೆ.

ಕಲ್ಲು ಸುಮ್ಮನಿದೆ, ಆದ್ದರಿಂದ ಅದರ ಮೇಲೆ ಯಾವ ಬಲವೂ ಇಲ್ಲ ಎನ್ನುವುದು ಪೂರ್ವಪಕ್ಷ. ಇದರ ಖಂಡನೆಗೆ ಗ್ರಂಥ ಬೇಕಿಲ್ಲ. ಒರಳಿನಡಿ ಕಾಲ್ಬೆರಳು ಸಿಕ್ಕಿಸಿಕೊಂಡವರ ಸಾಕ್ಷ್ಯ ಸಾಕು. ಒರಳು 40 ಕಿಲೋ ಎಂದಿಟ್ಟುಕೊಳ್ಳಿ (ತೂಗಿ ನೋಡಿದವರಿಲ್ಲ). ಭೂಮಿ ಅದನ್ನು 392 ನ್ಯೂಟನ್ ಬಲದಿಂದ ಕೆಳಗೆ ಎಳೆಯುತ್ತದೆ, ಜಗಲಿ ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತದೆ (ಈ ಒತ್ತೇ ಲಂಬಬಲ). ಕೂಡಿ ಕಳೆದರೆ ಸೊನ್ನೆ. ನಿವ್ವಳ ಬಲ ಸೊನ್ನೆಯಾದರೆ ನಿಂತದ್ದು ನಿಂತೇ ಇರುತ್ತದೆಂದು ನ್ಯೂಟನ್ ಮಹಾಶಯರು 1687ರಲ್ಲೇ ‘ಪ್ರಿನ್ಸಿಪಿಯಾ’ದಲ್ಲಿ ಅಚ್ಚು ಹಾಕಿಸಿದ್ದಾರೆ.

ವ್ಯಾಖ್ಯಾನಕಾರರು ಸಾಲಾಗಿ ಜಾರಿ ಬೀಳುವ ಜಾಗ ಇಲ್ಲಿದೆ. ಎರಡೂ ಸಮ, ಎರಡೂ ಎದುರುಬದುರು, ಆದ್ದರಿಂದ ಇದು ಮೂರನೆಯ ನಿಯಮದ ಕ್ರಿಯೆ-ಪ್ರತಿಕ್ರಿಯೆ ಎಂದು ಗೈಡು ಓದಿದವರು ಮೇಜು ಕುಟ್ಟುತ್ತಾರೆ. ಅಲ್ಲ ಸ್ವಾಮಿ. ಆ ಜೋಡಿ ಎಂದೂ ಒಂದೇ ವಸ್ತುವಿನ ಮೇಲೆ ಬೀಳುವುದಿಲ್ಲ. ಭೂಮಿ ಕಲ್ಲನ್ನು ಎಳೆಯುವುದಕ್ಕೆ ಪ್ರತಿಯಾಗಿ ಕಲ್ಲೂ ಭೂಮಿಯನ್ನು 392 ನ್ಯೂಟನ್ ಬಲದಿಂದಲೇ ಎಳೆಯುತ್ತದೆ. ಮೂಲೆಗುಂಪಾದ ಒರಳು ಇಡೀ ಭೂಗೋಳವನ್ನೇ ಜಗ್ಗುತ್ತಿದೆ ಎಂದಾಗ ಅತ್ತೆಯವರಿಗೆ ಮಾತ್ರ ಆಶ್ಚರ್ಯವಾಗಲಿಲ್ಲ.

ಇನ್ನು ಜಗಲಿಯ ಸ್ವಭಾವ. ಭೂಮಿಯ ಎಳೆತ ಪಿಂಚಣಿಯಂತೆ ನಿಗದಿ; ಜಗಲಿಯದು ಹಾಗಲ್ಲ, ಬೇಕಾದಷ್ಟೇ ಕೊಡುತ್ತದೆ. ಒರಳಿನ ಮೇಲೆ 50 ಕಿಲೋ ಅಕ್ಕಿಮೂಟೆ ಇಟ್ಟರೆ ಕಣ್ಣಿಗೆ ಕಾಣದಷ್ಟು ಇನ್ನೂ ಕುಗ್ಗಿ, 882 ನ್ಯೂಟನ್ ಬಲದಿಂದ ಒತ್ತುತ್ತದೆ. ಮೂಟೆ ಇಳಿಸಿದೊಡನೆ ಮತ್ತೆ 392. ಒಂದು ನ್ಯೂಟನ್ ಹೆಚ್ಚು ಕೊಟ್ಟಿದ್ದರೂ ಒರಳು ಮೇಲಕ್ಕೆ ಹೊರಟಿರುತ್ತಿತ್ತು.

ಸುಣ್ಣ ಬಳಿಯುವ ನೆಪದಲ್ಲಿ ಭಾವನವರು ಪಂಚೆ ಎತ್ತಿ ಕಟ್ಟಿ ಪ್ರಯೋಗಕ್ಕೆ ಇಳಿದರು. ಅವರು ಮೇಲಕ್ಕೆ ಎಳೆದದ್ದು 100 ನ್ಯೂಟನ್ ಎಂದು ಉದಾರವಾಗಿ ಹಿಡಿದರೂ, ಜಗಲಿ ತನ್ನ ಪಾಲನ್ನು ಸದ್ದಿಲ್ಲದೆ 292ಕ್ಕೆ ಇಳಿಸಿಕೊಂಡಿತು. ಒರಳು ಮಿಸುಕಲಿಲ್ಲ. ‘ಸ್ವಲ್ಪ ಹಗುರಾಯ್ತು ನೋಡಿ’ ಎಂದರು ಭಾವ. ಜಗಲಿಯ ಮಟ್ಟಿಗೆ ಅದು ನಿಜವೇ. ಆದರೆ ಕಲ್ಲು ಸರಿಯದ ಕಾರಣ ಶಾಸ್ತ್ರರೀತ್ಯಾ ಅದರ ಮೇಲೆ ಅವರು ಮಾಡಿದ ಕೆಲಸ ಸೊನ್ನೆ. ಅದಕ್ಕೆ ಪ್ರತಿಯಾಗಿ ಎರಡು ಲೋಟ ಕಾಫಿ ಕೇಳಿದ್ದು ಯಾವ ನಿಯಮದಡಿ ಎಂಬುದು ಅಡುಗೆಮನೆಯಲ್ಲಿ ಇನ್ನೂ ಚರ್ಚೆಯಲ್ಲಿದೆ.