ಬುದ್ಧಿವಂತರ ಜಿಲ್ಲೆಯ ಬೇರು ಭಕ್ತಿ

ನಮ್ಮದು ಬುದ್ಧಿವಂತರ ಜಿಲ್ಲೆ. ಬಸಳೆಗೆ ಏನು ಹೊಡೆದಿದ್ದೀರಿ ಎಂದು ಸಂತೆಯಲ್ಲಿ ನಾಲ್ಕು ಸಲ ಕೇಳುತ್ತೇವೆ. ವಾಟ್ಸ್ಆ್ಯಪ್‌ನಲ್ಲಿ ತರಿಸಿದ ಬೇರಿನ ಪುಡಿಯನ್ನು ಕಣ್ಣುಮುಚ್ಚಿ ನುಂಗುತ್ತೇವೆ. ಡಬ್ಬಿಯ ಮೇಲೆ ಬರೆದಿದೆಯಲ್ಲ: ‘ನೂರಕ್ಕೆ ನೂರು ನೈಸರ್ಗಿಕ, ಅಡ್ಡ ಪರಿಣಾಮ ಇಲ್ಲ’. ಮತ್ತೇನು ಬೇಕು?

ಕಾಸರಕನ ವಿಷದ ಕಾಯಿಯೂ ನೂರಕ್ಕೆ ನೂರು ನೈಸರ್ಗಿಕ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಪಾಲೆಯ ಕೆತ್ತೆ ತರುವಾಗ ಮರ ತಪ್ಪಿದರೆ ಏನಾಗುತ್ತದೆಂದು ಇಲ್ಲಿನ ಅಜ್ಜಿಯಂದಿರಿಗೂ ಗೊತ್ತು. ಡಬ್ಬಿಯೊಳಗಿರುವುದು ಯಾವ ಗಿಡ ಎಂದು ಓದಿದ ಮೊಮ್ಮಕ್ಕಳು ಕೇಳುವುದಿಲ್ಲ.

2020ರಲ್ಲಿ ಚೀನಾದ ಆ್ಯಪ್‌ಗಳನ್ನು ಮೊಬೈಲಿನಿಂದ ಕಿತ್ತೆಸೆದು ದೇಶಭಕ್ತಿ ಮೆರೆದೆವು. ಇನ್ನೊಂದು ಕೈಯಲ್ಲಿ ಅದೇ ಚೀನಾದ ಬೇರು ಜಿನ್ಸೆಂಗ್‌ನ ಮಾತ್ರೆ. ಶಕ್ತಿ ಬರಬೇಕಲ್ಲ! ಆ ಬೇರು ರಕ್ತದ ಸಕ್ಕರೆ ಇಳಿಸಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವ ಹೃದ್ರೋಗಿಗೆ ಆ ಮದ್ದಿನ ಬಲ ಕುಗ್ಗಿಸಬಹುದು. ಡಾಕ್ಟರು ‘ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ?’ ಎಂದರೆ ಉತ್ತರ ‘ಏನೂ ಇಲ್ಲ’. ಬೇರು ಮದ್ದಲ್ಲವಂತೆ. ದುಡ್ಡು ಕೊಟ್ಟದ್ದು ಮದ್ದೆಂದೇ.

ಬ್ರಸೆಲ್ಸ್‌ನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಕ್ಲಿನಿಕ್ಕೊಂದರ ಮಾತ್ರೆಗೆ ಒಂದು ಚೀನೀ ಬೇರಿನ ಬದಲು ಇನ್ನೊಂದು ಬಿತ್ತು. ಅದು ಅರಿಸ್ಟಲೋಕಿಯಾ ಜಾತಿಯದು. ನೂರಕ್ಕೂ ಹೆಚ್ಚು ಮಂದಿಯ ಕಿಡ್ನಿ ಕೆಟ್ಟಿತು. ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಜಾತಿಯ ಮದ್ದುಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೇ ಸೇರಿಸಿತು.

ಬೆಲ್ಜಿಯಂ ಬಹಳ ದೂರ ಎನ್ನಬೇಡಿ. ಅದೇ ಜಾತಿಯ ಬಳ್ಳಿ ನಮ್ಮ ಬೇಲಿಯಲ್ಲೂ ಇದೆ: ಈಶ್ವರಿ. ಹಾವು ಕಚ್ಚಿದರೂ ಅದರ ಬೇರು, ಹೊಟ್ಟೆ ನೊಂದರೂ ಅದೇ. ಅದನ್ನು ತಿಂದು ದಕ್ಕಿಸಿಕೊಳ್ಳುವುದು ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಹುಳ. ವಿಷವನ್ನು ಮೈಯಲ್ಲಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ನಾವು ಅದೇ ವಿಷವನ್ನು ಜೇನಿನಲ್ಲಿ ಕಲಸಿ ಕಿಡ್ನಿಗೆ ಕಳಿಸುತ್ತೇವೆ.

‘ಏನೂ ಆಗುವುದಿಲ್ಲ’ ಎಂಬ ಮಾತಿನ ಬೆಲೆ ನಮ್ಮ ಜಿಲ್ಲೆಯ ಕೊಕ್ಕಡಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ವೈದ್ಯನಾಥೇಶ್ವರನೇ ನೆಲೆಸಿದ ಊರು. ಸುತ್ತಲಿನ ಗೇರು ಅಭಿವೃದ್ಧಿ ನಿಗಮದ ತೋಪುಗಳ ಮೇಲೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಮಾರಿದವರ ಬಾಯಲ್ಲಿ ಅದೂ ನಿರುಪದ್ರವಿ. ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಹಾಸಿಗೆ ಬಿಟ್ಟೇಳದ ಮಕ್ಕಳು ದೊಡ್ಡವರಾಗಿದ್ದರು.

ಆ ಮಕ್ಕಳ ಹೆಸರಲ್ಲಿ ರಾಸಾಯನಿಕಕ್ಕೆ ಶಾಪ ಹಾಕುವವನೇ ಇಂದು ಹೆಸರಿಲ್ಲದ ಬೇರಿನ ಏಜೆಂಟ್. ಕೀಟನಾಶಕ ಕಂಪನಿಯ ಬಳಿ ಪುರಾವೆ ಕೇಳಿದವನು ಇವನೇ. ಇವನ ಬಳಿ ಕೇಳಿದರೆ ‘ಋಷಿಮುನಿಗಳನ್ನೇ ಅನುಮಾನಿಸುತ್ತೀರಾ?’ ಎನ್ನುತ್ತಾನೆ. ಋಷಿಗಳು ಕಮಿಷನ್ ಇಟ್ಟುಕೊಂಡಿರಲಿಲ್ಲ ಮಾರಾಯರೇ.

ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾಯ್ದೆಯಂತೆ ಅಪರಾಧ. ಕಾಯ್ದೆಗೆ ಎಪ್ಪತ್ತು ದಾಟಿತು. ಶಕ್ತಿವರ್ಧಕ ಬೇಕಾದದ್ದು ಅದಕ್ಕೆ.

ಕಿಡ್ನಿ ಕೈಕೊಟ್ಟ ದಿನ ತಪ್ಪು ಯಾರದು? ‘ಇಂಗ್ಲಿಷ್ ಮದ್ದಿನ ಉಷ್ಣ’. ಬೇರು ಮಾರಿದವನು ವ್ಯಾಪ್ತಿ ಪ್ರದೇಶದಿಂದ ಹೊರಗಿರುತ್ತಾನೆ. ಮತ್ತೆ ಮಂಗಳೂರಿಗೆ ಓಟ. ಡಯಾಲಿಸಿಸ್ ಯಂತ್ರ ನೈಸರ್ಗಿಕವೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.